ಕ್ಲಾಸಲ್ಲಿ ಉಬ್ಬೋ ಬ್ರೆಡ್ ಮನೇಲಿ ಯಾಕೆ ಕುಸಿಯುತ್ತೆ?

ಪ್ರಶ್ನೆ (ಕುವೆಂಪುನಗರ, ಮೈಸೂರು)
ಭಾನುವಾರದ ಅಡುಗೆ ಕ್ಲಾಸಲ್ಲಿ ಬ್ರೆಡ್ ಹೇಳಿಕೊಡ್ತಿದ್ದಾರೆ. ಅಲ್ಲಿ ಸರಿಯಾಗೇ ಬರುತ್ತೆ. ಮನೇಲಿ ಮೇಲ್ಭಾಗ ಕುಸಿದು ಸುಕ್ಕಾಗುತ್ತೆ, ಒಳಗೆ ಅಂಟಂಟು. ಮೈದಾ 300 ಗ್ರಾಂ, ನೀರು 210 ಮಿಲಿ, ಇನ್‌ಸ್ಟಂಟ್ ಯೀಸ್ಟ್ 1 ಟೀ ಚಮಚ, ಉಪ್ಪು ಅರ್ಧ ಚಮಚ, ಸಕ್ಕರೆ 12 ಗ್ರಾಂ, ಎಣ್ಣೆ 15. ಮೊದಲು ಒಂದು ಗಂಟೆ, ಟಿನ್ನಿಗೆ ಹಾಕಿ ಇನ್ನೊಂದು ಗಂಟೆ ಉಬ್ಬಲು ಬಿಡ್ತೀನಿ. ಓಟಿಜಿ (ಮನೆಯ ಚಿಕ್ಕ ಕರೆಂಟ್ ಓವನ್) 180 ಡಿಗ್ರಿ, 25 ನಿಮಿಷ.

ಉತ್ತರ 1
ಕುಸಿಯೋದು ಎರಡನೇ ಉಬ್ಬು ಅತಿಯಾಗಿ. ಈ ಬಿಸಿಲಿಗೆ ಅಡುಗೆಮನೆ 32–33 ಡಿಗ್ರಿ ಇದ್ರೆ ಟಿನ್ನಲ್ಲಿ 30–40 ನಿಮಿಷ ಸಾಕು. ಅದಕ್ಕಿಂತ ಬಿಟ್ರೆ ಗ್ಲುಟನ್ (ಹಿಟ್ಟಿಗೆ ಎಳೆತ ಕೊಡೋ ಪ್ರೋಟೀನ್) ಎಳೆ ತೆಳುವಾಗಿ, ಓವನ್ ಶಾಖಕ್ಕೆ ಗುಳ್ಳೆ ಒಡೆದು ಕೂತುಬಿಡುತ್ತೆ. ಗಡಿಯಾರ ಬಿಡಿ, ಒದ್ದೆ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಗುಳಿ ತಟ್ಟನೆ ಮುಚ್ಚಿದ್ರೆ ಇನ್ನೂ ಕಾಯಿರಿ. ನಿಧಾನಕ್ಕೆ ಅರ್ಧ ಮುಚ್ಚಿದ್ರೆ ಓವನ್‌ಗೆ ಹಾಕಿ. ಮುಚ್ಚಲೇ ಇಲ್ವಾ, ಹೊರಗೆ ತೆಗೆದು ಒತ್ತಿ ಗಾಳಿ ತೆಗೆದು, ಮತ್ತೆ ಸುರುಳಿ ಸುತ್ತಿ ಉಬ್ಬಲು ಇಡಿ.

ಉಪ್ಪೂ ಕಮ್ಮಿ. 300ಕ್ಕೆ 6 ಗ್ರಾಂ ಬೇಕು, ಅರ್ಧ ಚಮಚ ಅಂದ್ರೆ 3 ಚಿಲ್ಲರೆ. ಉಪ್ಪು ಕಮ್ಮಿಯಾದ್ರೆ ಯೀಸ್ಟ್ ಓಡುತ್ತೆ. ನೀರು ತಣ್ಣಗಿರಲಿ. ಚಮಚ ಬಿಟ್ಟು ತಕ್ಕಡಿ ತಗೊಳ್ಳಿ, ಮೊದಲ ಖರ್ಚು ಅದೇ ಆಗಲಿ.

ಉತ್ತರ 2
ಮೇಲಿನದಕ್ಕೆ ಸೇರಿಸ್ತೀನಿ: ನೀರು ಹಿಟ್ಟಿನ ತೂಕದ 70 ಶೇಕಡಾ ಆಯ್ತು. ಸಾಮಾನ್ಯ ಮೈದಾಗೆ ಅದು ಜಾಸ್ತಿ, 180–185 ಮಿಲಿಯಿಂದ ಶುರುಮಾಡಿ. ಕ್ಲಾಸಲ್ಲಿ ಬಳಸೋ ಹಿಟ್ಟಿನ ಪ್ಯಾಕೆಟ್ ಹಿಂದೆ ಪ್ರೋಟೀನ್ ನೋಡಿ, 100 ಗ್ರಾಂಗೆ 12 ಗ್ರಾಂ ಹತ್ತಿರ ಇದ್ರೆ ವ್ಯತ್ಯಾಸ ಅಲ್ಲೇ ಇದೆ. ಕಲಸಿ 20 ನಿಮಿಷ ಮುಚ್ಚಿಟ್ಟು ಆಮೇಲೆ ನಾದಿ. ಚೂರು ಹಿಟ್ಟು ಹಿಗ್ಗಿಸಿದ್ರೆ ಹರಿಯದೆ ಬೆಳಕು ಕಾಣೋಷ್ಟು ತೆಳುವಾಗಬೇಕು. ಕೈಗೆ ಅಂಟುತ್ತೆ ಅಂತ ಒಣ ಮೈದಾ ಸುರೀತಾ ಹೋಗ್ಬೇಡಿ.

ಅಂಟಂಟಿಗೆ ಕಾರಣ ಬೇಯದೇ ಇರೋದು. ಓಟಿಜಿ ಮೊದಲೇ ಕಾಯಿಸಿ, ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, 200 ಡಿಗ್ರಿ, 30–35 ನಿಮಿಷ. ಮೇಲೆ ಬೇಗ ಕೆಂಪಾದ್ರೆ ಫಾಯಿಲ್ ಮುಚ್ಚಿ. ನಡುವೆ 94 ಡಿಗ್ರಿ ಬಂದ್ರೆ ಆಯ್ತು. ತಕ್ಷಣ ಟಿನ್ನಿಂದ ತೆಗೀರಿ, ಒಂದು ಗಂಟೆ ಕುಯ್ಯಬೇಡಿ. ಬಿಸೀಲಿ ಕುಯ್ದ್ರೆ ಬೆಂದ ಬ್ರೆಡ್ಡೂ ಮುದ್ದೆಯಾಗುತ್ತೆ.

ಉತ್ತರ 3 (ಮಂಡ್ಯ)
ಇದಕ್ಕೇ ರಾಗಿಹಿಟ್ಟು, ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ಉತ್ತರ 2
ರಾಗಿಯಲ್ಲಿ ಗ್ಲುಟನ್ ಇಲ್ಲ, 300ರಲ್ಲಿ 30 ಗ್ರಾಂ ದಾಟಬೇಡಿ. ಬೆಲ್ಲ ಖಂಡಿತ ಹಾಕಬಹುದು, ಅದೇ 12–15 ಗ್ರಾಂ. ಕರಗಿಸಿ ಸೋಸಿ, ಪೂರ್ತಿ ಆರಿಸಿ. ಕರಗಿಸಿದ ನೀರನ್ನು ಒಟ್ಟು ನೀರಿನಲ್ಲೇ ಲೆಕ್ಕ ಹಿಡೀರಿ.