ಶೀಟ್ ಮಾಡಿನ ಕೋಣೆ: ಫಾಯಿಲ್ ಅಂಟಿಸಿದರೂ ಸೆಕೆ ಇಳಿಯುತ್ತಿಲ್ಲ

ಅಡಿಕೆತೋಟ, ಸುಳ್ಯ:
ತಾರಸಿ ಮೇಲೆ 12×14 ಅಡಿಯ ಕೋಣೆ ಮಾಡಿಸಿದ್ದೇವೆ. ಎರಡಿಂಚಿನ ಚೌಕ ಪೈಪಿನ ಮೇಲೆ ಬಣ್ಣದ ಜಿಐ ಶೀಟು. ಮೂಡು ಬದಿ 10 ಅಡಿ ಎತ್ತರ, ಪಡು ಬದಿ ಏಳೂವರೆ. ಮಗಳು ಅಲ್ಲೇ ಓದುವುದು. ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದರೆ ಒಳಗೆ 40. ಹೋದ ತಿಂಗಳು ಬಬಲ್ ಫಾಯಿಲ್ (ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆಗೆ ಅಲ್ಯುಮಿನಿಯಂ ಹೊದಿಸಿದ್ದು) ತಂದು ಶೀಟಿನ ಅಡಿಗೆ ಗಮ್ಮಿನಲ್ಲಿ ಅಂಟಿಸಿದೆ, ಒಂದು ಡಿಗ್ರಿಯೂ ಇಳಿಯಲಿಲ್ಲ. ಚಳಿಗಾಲದ ಬೆಳಗ್ಗೆ ಶೀಟಿನಿಂದ ನೀರೂ ತೊಟ್ಟಿಕ್ಕುತ್ತಿತ್ತು. ಇನ್ನು ಥರ್ಮಾಕೋಲ್ ಹಾಕಿ ಜಿಪ್ಸಮ್ ಬೋರ್ಡ್ ಹೊಡೆಸಲೇ?

ಮಾಡುಕೆಲಸ, ಪುತ್ತೂರು:
ಥರ್ಮಾಕೋಲ್ ಈಗಲೇ ತರಬೇಡಿ ಮಾರಾಯ್ರೇ. ಮೊದಲು ಎರಡು ವಿಷಯ ಹೇಳಿ. ತೊಟ್ಟಿಕ್ಕಿದ್ದು ಇಡೀ ಶೀಟಿನಿಂದಲೋ, ಸ್ಕ್ರೂ ಸಾಲಿನಲ್ಲಿ ಮಾತ್ರವೋ? ರಾತ್ರಿ ಎಷ್ಟು ಗಂಟೆಗೆ ತಂಪಾಗುತ್ತದೆ?

ಅಡಿಕೆತೋಟ:
ಇಡೀ ಶೀಟು ಬೆವರಿದ ಹಾಗೆ ಇತ್ತು. ರಾತ್ರಿ ಹತ್ತಾದರೂ ಧಗೆ ಹೋಗುವುದಿಲ್ಲ.

ಮಾಡುಕೆಲಸ:
ಹಾಗಾದರೆ ಸೋರಿಕೆ ಅಲ್ಲ, ಸ್ಕ್ರೂವಿನ ರಬ್ಬರ್ ವಾಷರ್ ಸರಿಯಿದೆ. ರಾತ್ರಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಶೀಟು ಗಾಳಿಗಿಂತ ತಣ್ಣಗಾಗುತ್ತದೆ, ಕೋಣೆಯ ತೇವ ಅದಕ್ಕೆ ತಾಗಿ ಇಬ್ಬನಿಯಾಗುತ್ತದೆ.

ಫಾಯಿಲ್ ಕೆಲಸ ಮಾಡದ್ದು ಅಂಟಿಸಿದ್ದರಿಂದ. ಹೊಳೆಯುವ ಅಲ್ಯುಮಿನಿಯಂ ಮೈ ತನಗೆ ಬೀಳುವ ಶಾಖಕಿರಣದಲ್ಲಿ ಸುಮಾರು ಶೇ. 95ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಕಿರಣವಾಗಿ ಬರಬೇಕಾದರೆ ನಡುವೆ ಗಾಳಿಯ ಜಾಗ ಬೇಕು. ಕಾದ ಶೀಟಿಗೇ ತಾಗಿಸಿದರೆ ಬಾಣಲೆಗೆ ತಟ್ಟೆ ಒತ್ತಿ ಹಿಡಿದ ಹಾಗೆ, ಬಿಸಿ ನೇರ ದಾಟುತ್ತದೆ.

ಬಿಡಿಸಿ, ಪೈಪಿನ ಕೆಳಮೈಗೆ ಎಳೆದು ಕಟ್ಟಿ. ಪೈಪಿನ ದಪ್ಪದಷ್ಟೇ ಎರಡಿಂಚು ಅಂತರ ತಾನಾಗಿ ಸಿಗುತ್ತದೆ. ಫಾಯಿಲಿನ ಕೆಳಗೆ ಒಂದಿಂಚಿನ ರೀಪು ಹೊಡೆದು, ಅದಕ್ಕೆ ಸೀಲಿಂಗ್ ಬೋರ್ಡ್. ಎರಡೂ ಮೈ ಹೊಳೆಯುವ ಫಾಯಿಲೇ ಇರಲಿ. ಮೇಲ್ಮೈಗೆ ಧೂಳು ಕೂತು ಮಾಸಿದರೂ ಕೆಳಮೈ ಕೆಲಸ ಮಾಡುತ್ತಿರುತ್ತದೆ.

ಇಷ್ಟೇ ಮುಖ್ಯವಾದದ್ದು, ಆ ಎರಡಿಂಚಿನಲ್ಲಿ ಕಾದ ಗಾಳಿಗೆ ಹೊರದಾರಿ. ಪಡು ಬದಿಯ ತಗ್ಗಿನಲ್ಲಿ ಗಾಳಿ ಒಳಬರಲು ಕಿಂಡಿ, ಮೂಡು ಬದಿಯ ಎತ್ತರದಲ್ಲಿ ಹೊರಹೋಗಲು. ಅಡ್ಡಪೈಪು ದಾರಿ ಕಟ್ಟುವಲ್ಲಿ ಫಾಯಿಲನ್ನು ಇನ್ನೊಂದಿಂಚು ಇಳಿಸಿ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ, ಹಾಗಾಗಿ ಅಲ್ಲಿಗೆ ಶೀಟಿನ ಅಂಚು ಒಂದಡಿಯಾದರೂ ಹೊರಚಾಚಿರಬೇಕು.

ಜಿಪ್ಸಮ್ ಬೇಡ, ನಮ್ಮ ಜೂನ್-ಜುಲೈ ತೇವಕ್ಕೆ ಉಬ್ಬಿ ಬೂಸ್ಟು ಹಿಡಿಯುತ್ತದೆ. ಸಿಮೆಂಟ್ ಫೈಬರ್ ಬೋರ್ಡ್ ಹಾಕಿ. ಥರ್ಮಾಕೋಲ್ ಬಿಸಿ ತಡೆಯುವುದು ನಿಜ, ಆದರೆ ಬೆಂಕಿ ಬೇಗ ಹಿಡಿಯುತ್ತದೆ, ಇರುವೆ ಗೂಡು ಮಾಡುತ್ತದೆ. ಮಗು ಓದುವ ಕೋಣೆಯ ಮಾಡಿನಲ್ಲಿ, ವೈರಿನ ಪಕ್ಕ, ನಾನಾದರೆ ಹಾಕುವುದಿಲ್ಲ.

ಬಯಲುಸೀಮೆಯವ:
ನಮ್ಮ ಕಡೆ ಗ್ಲಾಸ್‌ವುಲ್, ಅಂದರೆ ಗಾಜಿನ ಎಳೆಯ ಹತ್ತಿಯಂಥದ್ದು, ಹಾಕುತ್ತಾರಲ್ಲ?

ಮಾಡುಕೆಲಸ:
ನಿಮ್ಮ ಒಣ ಹವೆಗೆ ಒಳ್ಳೆಯದು. ಇಲ್ಲಿ ಇಬ್ಬನಿ ತೊಟ್ಟಿಕ್ಕಿ ಒದ್ದೆಯಾದರೆ ಅದರೊಳಗಿನ ಗಾಳಿಯ ಜಾಗವೆಲ್ಲ ನೀರು, ತಡೆಯುವ ಗುಣವೇ ಹೋಯಿತು.

ಸುಳ್ಯದ ಅಣ್ಣನವರಿಗೆ ಇನ್ನೊಂದು ಮಾತು. ತೆಳು ಶೀಟು ಸೂರ್ಯ ಮುಳುಗಿದ ಅರ್ಧ-ಮುಕ್ಕಾಲು ಗಂಟೆಯಲ್ಲೇ ತಣಿಯುತ್ತದೆ. ರಾತ್ರಿ ಹತ್ತರ ಧಗೆ ಅದರದ್ದಲ್ಲ. ಎಂಟು ಗಂಟೆಗೆ ಪಡುಗೋಡೆಗೆ ಅಂಗೈ ಇಟ್ಟು ನೋಡಿ.

ಅಡಿಕೆತೋಟ (ಹನ್ನೆರಡು ದಿನದ ನಂತರ):
ಗೋಡೆ ದೋಸೆಕಲ್ಲಿನಂತೆ ಇತ್ತು. ಹೊರಗೆ ಚಟ್ಟಿ ಇಟ್ಟು ಬಸಳೆ ಚಪ್ಪರ ಏರಿಸುತ್ತಿದ್ದೇನೆ, ಹಬ್ಬುವ ತನಕ ಹಸಿರು ನೆಟ್ಟು ಕಟ್ಟಿದ್ದೇನೆ. ಫಾಯಿಲ್ ಇಳಿಸಿ ಕಟ್ಟಿಯಾಯಿತು, ಎರಡೂ ಕಿಂಡಿ ತೆಗೆಸಿದೆ. ನಿನ್ನೆ ಹೊರಗೆ 35, ಒಳಗೆ 36. ಬೋರ್ಡ್ ಇನ್ನೂ ಹಾಕಿಲ್ಲ. ಮಗಳು ಮಧ್ಯಾಹ್ನ ಪುಸ್ತಕ ಹಿಡಿದು ಮೇಲೆ ಹೋದವಳು ಸಂಜೆ ಚಹಾಕ್ಕೆ ಕರೆದಾಗಲೇ ಇಳಿದದ್ದು. ಕಿಂಡಿಗೆ ಜಾಲರಿ ಯಾವುದು ಹಾಕಲಿ?

ಮಾಡುಕೆಲಸ:
ಇಲಿ ನುಗ್ಗದ ಕಾಲಿಂಚಿನ ಜಿಐ ಜಾಲರಿ. ಸೊಳ್ಳೆಪರದೆ ಬೇಡ, ಧೂಳು ಕಟ್ಟಿ ಗಾಳಿ ನಿಲ್ಲುತ್ತದೆ. ಬೋರ್ಡ್ ಹೊಡೆಸುವ ಮೊದಲು ವೈರನ್ನೆಲ್ಲ ಪ್ಲಾಸ್ಟಿಕ್ ವೈರಿಂಗ್ ಪೈಪಿನೊಳಗೆ ಹಾಕಿಸಿ, ಫಾಯಿಲ್ ಕರೆಂಟು ಹಾಯಿಸುವ ವಸ್ತು.