ಹಳೇ ಸ್ನೋಕ್ಯಾಟ್‌ನ ಡಿಫ್ ಬದಲಿಸಬೇಕಾ, ರಿಪೇರಿ ಸಾಕಾ?

ಪ್ರಶ್ನೆ (ಕೊಲೊರಾಡೊ): ನಮಸ್ಕಾರ ಸರ್. ಚಳಿಗಾಲದಲ್ಲಿ ಬೆಟ್ಟದ ಕ್ಯಾಬಿನ್‌ಗೆ ಹೋಗಿಬರಲು ನಾವು ಮೂರು ಮನೆಯವರು ಸೇರಿ 1970ರ ದಶಕದ ಥಿಯೋಕೋಲ್ ಕಂಪನಿಯ ಸ್ಪ್ರೈಟ್ ಸ್ನೋಕ್ಯಾಟ್ (ಎರಡು ಅಗಲ ಟ್ರ್ಯಾಕ್ ಪಟ್ಟಿಗಳ ಮೇಲೆ ಹಿಮದಲ್ಲಿ ಓಡೋ ಗಾಡಿ) ತಗೊಂಡಿದ್ದೀವಿ. ಬಲಕ್ಕೆ ಚೆನ್ನಾಗಿ ತಿರುಗುತ್ತೆ. ಎಡ ಲಿವರ್ ಎದೆತನಕ ಎಳೆದರೂ ಗಾಡಿ ನೇರವಾಗೇ ಹೋಗುತ್ತೆ. ಒಬ್ಬ ಮೆಕ್ಯಾನಿಕ್ ಡಿಫ್ (ಎಂಜಿನ್ ಶಕ್ತಿಯನ್ನು ಎಡಬಲಕ್ಕೆ ಹಂಚೋ ಡಿಫ್ರೆನ್ಷಿಯಲ್) ಪೂರ್ತಿ ಹೋಗಿದೆ ಅಂದರು. ಇನ್ನೊಬ್ಬರು ಪಿಕಪ್‌ನ ಹಿಂದಿನ ಆಕ್ಸಲ್ ಕೂರಿಸಿಬಿಡಿ ಅಂತಾರೆ. ಯಾವುದು ಸರಿ?

ಉತ್ತರ: ನಮಸ್ಕಾರ. ಈಗಲೇ ಎರಡೂ ಬೇಡ. ಅದಕ್ಕಿಂತ ಮೊದಲು ಒಂದು ಮಾತು: ಆ ಗಾಡಿಯನ್ನು ಇಳಿಜಾರಿಗೆ ಒಯ್ಯಬೇಡಿ. ನಿಮ್ಮದರಲ್ಲಿರೋದು ಕಾರಿನ ಡಿಫ್ ಅಲ್ಲ, ಕಂಟ್ರೋಲ್ಡ್ ಡಿಫ್ರೆನ್ಷಿಯಲ್. ಒಳಗೆ ಎಡಕ್ಕೊಂದು ಬಲಕ್ಕೊಂದು ಡ್ರಮ್, ಅದರ ಸುತ್ತ ಲೈನರ್ (ಉಜ್ಜಿ ಹಿಡಿಯುವ ಪದರ) ಹಚ್ಚಿದ ಬ್ಯಾಂಡ್, ಅಂದರೆ ಪಟ್ಟಿ. ಒಂದು ಲಿವರ್ ಎಳೆದರೆ ಬ್ಯಾಂಡ್ ಡ್ರಮ್ಮನ್ನು ಬಿಗಿ ಹಿಡಿದು ಆ ಕಡೆಯ ಟ್ರ್ಯಾಕ್ ನಿಧಾನವಾಗುತ್ತೆ, ಇನ್ನೊಂದು ಅಷ್ಟೇ ಜೋರಾಗುತ್ತೆ. ಎರಡನ್ನೂ ಒಟ್ಟಿಗೆ ಎಳೆದರೆ ಗಾಡಿ ನಿಲ್ಲುತ್ತೆ. ಅಂದರೆ ನಿಮ್ಮ ಸ್ಟೀರಿಂಗೂ ಅದೇ, ಬ್ರೇಕೂ ಅದೇ. ಎಡ ಬ್ಯಾಂಡ್ ಹಿಡಿಯುತ್ತಿಲ್ಲ ಅಂದರೆ ನಿಲ್ಲಿಸುವ ಶಕ್ತಿಯೂ ಹೋಗಿದೆ ಅಂತಲೇ ಅರ್ಥ.

ಬಿಚ್ಚುವ ಮುಂಚೆ ಹೀಗೆ ನೋಡಿ. ಗಾಡಿಯನ್ನು ಎತ್ತಿ ಎರಡೂ ಟ್ರ್ಯಾಕ್ ನೆಲ ಬಿಡುವಂತೆ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಎಂಜಿನ್ ಆಫ್, ಗೇರ್ ಹಾಕಿರಲಿ. ಎಡ ಟ್ರ್ಯಾಕ್ ತಿರುಗಿಸಿದರೆ ಬಲದ್ದು ಉಲ್ಟಾ ತಿರುಗಬೇಕು. ಈಗ ಒಬ್ಬರು ಎಡ ಲಿವರ್ ಎಳೆದು ಹಿಡಿಯಲಿ. ಎರಡೂ ಟ್ರ್ಯಾಕ್ ಲಾಕ್ ಆಗಬೇಕು. ಹಾರೆಕೋಲು ಹಾಕಿ ಮೀಟಿದಾಗ ಜಾರಿದರೆ ದೋಷ ಬ್ಯಾಂಡ್‌ನದು ಅಥವಾ ಅದರ ಅಡ್ಜಸ್ಟ್‌ಮೆಂಟ್‌ನದು, ಗೇರ್‌ನದ್ದಲ್ಲ. ಮುಂದಕ್ಕೂ ಹಿಂದಕ್ಕೂ ನೋಡಿ, ಬ್ಯಾಂಡ್ ಒಂದು ದಿಕ್ಕಿನಲ್ಲಿ ಹೆಚ್ಚು ಬಿಗಿ ಹಿಡಿಯುತ್ತೆ.

ಆಮೇಲೆ ಆಯಿಲ್ ಇಳಿಸಿ ಹಳೇ ಬಿಳಿ ಬಟ್ಟೆಯಲ್ಲಿ ಸೋಸಿ. ಡ್ರೈನ್ ಪ್ಲಗ್ಗಿಗೆ ಬೂದು ಬಣ್ಣದ ಸಣ್ಣ ಪುಡಿ ಮೆತ್ತಿದ್ದರೆ ಅದು ಮಾಮೂಲು ಸವೆತ. ಕಪ್ಪು ಚಕ್ಕೆಗಳು ಬಂದರೆ ಲೈನರ್ ಉದುರುತ್ತಿದೆ. ಬೆಳ್ಳಗೆ ಹೊಳೆಯುವ, ಅಂಚು ಚೂಪಾಗಿರುವ ಚೂರು ಸಿಕ್ಕರೆ ಮಾತ್ರ ಹಲ್ಲೋ ಬೇರಿಂಗೋ ಒಡೆದಿದೆ. ಆಗ ಪೂರ್ತಿ ಬಿಚ್ಚಲೇಬೇಕು. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಏರ್ ಹೊಡೆದು ಕ್ಲೀನ್ ಮಾಡಬೇಡಿ, ಒಣಗಿಸಿ ಉಜ್ಜಲೂ ಬೇಡಿ.

ಪ್ರಶ್ನೆ (ಅದೇ ಸದಸ್ಯರು): ಪಿಕಪ್ ಆಕ್ಸಲ್ ಯಾಕೆ ಆಗಲ್ಲ ಸರ್? ಅಗ್ಗಕ್ಕೆ ಸಿಗುತ್ತೆ.

ಉತ್ತರ: ಕೂರಿಸಿದವರಿದ್ದಾರೆ. ಒಂದು ಕಡೆ ಬ್ರೇಕ್ ಹಿಡಿದು ತಿರುಗಿಸುತ್ತಾರೆ. ಆದರೆ ಆ ಕಡೆಯ ಟ್ರ್ಯಾಕ್ ಪೂರ್ತಿ ನಿಂತುಬಿಡುತ್ತೆ, ಎಂಜಿನ್ ಓಟವೆಲ್ಲ ಇನ್ನೊಂದಕ್ಕೆ ಹೋಗಿ ಅದು ಎರಡರಷ್ಟು ವೇಗದಲ್ಲಿ ಓಡುತ್ತೆ. ಆಳದ ಹಿಮದಲ್ಲಿ ನಿಂತ ಟ್ರ್ಯಾಕ್ ಹೂತುಕೊಳ್ಳುತ್ತೆ. ಜತೆಗೆ ಚಿಕ್ಕ ಡ್ರಮ್ ಬ್ರೇಕ್‌ಗಳು ಕಾದು ಕೈಕೊಡುತ್ತವೆ. ಕಂಟ್ರೋಲ್ಡ್ ಡಿಫ್‌ನಲ್ಲಿ ತಿರುವಿನಲ್ಲೂ ಎರಡು ಟ್ರ್ಯಾಕಿಗೂ ಶಕ್ತಿ ಹೋಗುತ್ತಲೇ ಇರುತ್ತೆ. ಕ್ಲೆಟ್ರಾಕ್ ಕಂಪನಿ ತನ್ನ ಕ್ರಾಲರ್ ಟ್ರ್ಯಾಕ್ಟರ್‌ಗಳಿಗೆ ಹಾಕಿದ ಇದೇ ಏರ್ಪಾಡು ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕಿನಲ್ಲೂ, ಸ್ಟುಡೆಬೇಕರ್‌ನವರ ಹಿಮದ ಗಾಡಿ ಎಂ29 ವೀಸಲ್‌ನಲ್ಲೂ ಇತ್ತು. 1944ರಲ್ಲಿ ಕ್ಲೆಟ್ರಾಕ್ ಆಲಿವರ್ ಕಂಪನಿಗೆ ಸೇರಿತು. ಸ್ಪ್ರೈಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಡಿಫ್ ಈ ಬಗೆಯದೇ, ಮಾದರಿಯ ಹೆಸರು ಓಸಿ-12. ಇಷ್ಟು ಒಳ್ಳೆಯ ವಸ್ತುವನ್ನು ಬ್ಯಾಂಡ್ ಸವೆದ ಕಾರಣಕ್ಕೆ ಗುಜರಿಗೆ ಹಾಕುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತೆ.

ಬದಲಿ ಹೌಸಿಂಗ್ (ಡಿಫ್ ಕೂರುವ ಪೆಟ್ಟಿಗೆ) ಬೇಕೇಬೇಕಾದರೆ ಬರೀ ಥಿಯೋಕೋಲ್ ಅಂತ ಹುಡುಕಬೇಡಿ. 1978ರಲ್ಲಿ ಆ ಕಂಪನಿಯ ಸ್ನೋಕ್ಯಾಟ್ ವಿಭಾಗವನ್ನು ಕಾರು ತಯಾರಕ ಜಾನ್ ಡಿಲೋರಿಯನ್ ಕೊಂಡರು. ಆಮೇಲಿನ ಗಾಡಿಗಳು ಡಿಎಂಸಿ, ಎಲ್‌ಎಂಸಿ ಹೆಸರಿನಲ್ಲಿ ಬಂದವು. ಕೊಳ್ಳುವ ಮುಂಚೆ ರೇಷಿಯೋ (ಗೇರ್ ಅನುಪಾತ), ಶಾಫ್ಟ್‌ನ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ) ಎಣಿಕೆ, ಪಿನಿಯನ್ (ಡಿಫ್‌ಗೆ ಶಕ್ತಿ ತರುವ ಚಿಕ್ಕ ಗೇರ್) ಫ್ಲಾಂಜ್, ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಯಾವ ಮಗ್ಗುಲಿಗಿದೆ ಅನ್ನೋದು ನೋಡಿ. ಕ್ರೌನ್ ಮಗ್ಗುಲು ಬದಲಾದರೆ ಮುಂದಿನ ಗೇರ್‌ಗಳೆಲ್ಲ ಹಿಂದಕ್ಕೆ ಓಡಿಸುತ್ತವೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗೇ ತಗೊಳ್ಳಿ.

ಪ್ರಶ್ನೆ (ಕೆನಡಾ): ಅಣ್ಣಾ, ನಾಲ್ಕು ಟ್ರ್ಯಾಕ್‌ನ ಟಕ್ಕರ್ ಸ್ನೋಕ್ಯಾಟ್‌ಗೂ ಇದೇ ಮಾತಾ?

ಉತ್ತರ: ಅಲ್ಲಪ್ಪ, ಅದು ಬೇರೆ. ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ತಂಡ 1957-58ರಲ್ಲಿ ಅಂಟಾರ್ಕ್ಟಿಕಾ ದಾಟಿದ್ದು ಆ ಬಗೆಯ ಗಾಡಿಗಳಲ್ಲೇ. ಅಲ್ಲಿ ಆಕ್ಸಲ್‌ಗಳೇ ಹೊರಳಿ ಗಾಡಿ ತಿರುಗುತ್ತೆ, ಹಾಗಾಗಿ ಸಾಮಾನ್ಯ ಡಿಫ್ ಸಾಕು. ಆದರೆ ಒಂದು ಆಕ್ಸಲ್‌ನ ರೇಷಿಯೋ ಬದಲಿಸಿದರೆ ಇನ್ನೊಂದನ್ನೂ ಅದಕ್ಕೆ ಹೊಂದಿಸಲೇಬೇಕು. ಇಲ್ಲದಿದ್ದರೆ ಹಿಂದು ಮುಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಮುರಿಯುತ್ತೆ.

ಪ್ರಶ್ನೆ (ಕೊಲೊರಾಡೊ): ಸರ್, ನೋಡಿದೆವು. ಎಡ ಲಿವರ್ ಎಳೆದರೂ ಟ್ರ್ಯಾಕ್ ಜಾರುತ್ತೆ. ಆಯಿಲ್‌ನಲ್ಲಿ ಕಪ್ಪು ಚಕ್ಕೆ, ಲೋಹದ ಚೂರು ಇಲ್ಲ. ಹಿಂದಿನವರು ಜಿಎಲ್-5 ಗೇರ್ ಆಯಿಲ್ ಹಾಕಿದ್ದರಂತೆ.

ಉತ್ತರ: ಹಾಗಾದರೆ ಗೇರ್ ಬಹುತೇಕ ಉಳಿದಿದೆ, ಸಂತೋಷ. ಬ್ಯಾಂಡ್‌ಗಳು ಅದೇ ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಜಿಎಲ್-5ನಂಥ, ಹೆಚ್ಚಿನ ಒತ್ತಡಕ್ಕೆಂದು ಮಾಡಿದ ಗೇರ್ ಆಯಿಲ್ ಲೈನರ್ ಜಾರುವಂತೆ ಮಾಡಬಲ್ಲದು. ಮ್ಯಾನುಯಲ್‌ನಲ್ಲಿ ಹೇಳಿರುವ ಆಯಿಲನ್ನೇ ಹಾಕಿ. ಎಡದ್ದೊಂದೇ ಬೇಡ, ಎರಡೂ ಬ್ಯಾಂಡ್‌ಗೆ ಹೊಸ ಲೈನರ್ ಹಚ್ಚಿಸಿ. ಡ್ರಮ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಅಥವಾ ಕಾದು ನೀಲಿಗಟ್ಟಿದ್ದರೆ ಲೇತ್‌ಗೆ ಕೊಡುವ ಮುಂಚೆ ಫೋಟೋ ಇಲ್ಲಿ ಹಾಕಿ. ಜೋಡಿಸಿದ ಮೇಲೆ ಎರಡೂ ಲಿವರ್ ಒಂದೇ ಎತ್ತರದಲ್ಲಿ ಹಿಡಿಯುವಂತೆ ಅಡ್ಜಸ್ಟ್ ಮಾಡಿ, ಬಿಟ್ಟಾಗ ಡ್ರಮ್ ಸಲೀಸಾಗಿ ತಿರುಗಬೇಕು. ಮೊದಲ ಓಟ ಸಮತಟ್ಟು ನೆಲದಲ್ಲಿ, ಮೆಲ್ಲಗೆ. ಆಮೇಲೆ ಇನ್ನೊಮ್ಮೆ ಅಡ್ಜಸ್ಟ್ ಮಾಡಲೇಬೇಕಾಗುತ್ತೆ.