ಬೊಂಬಾಯಿಯಲ್ಲಿ ಆಕಾಶದಿಂದ ಚಿನ್ನ ಬಿದ್ದಿತ್ತಂತೆ, ನಿಜವಾ? ಮಾವನ ಜೊತೆ ಒಂದು ಭಾನುವಾರಕ್ಕೆ ಸಲಹೆ ಬೇಕು

ಡೊಂಬಿವಲಿ ಸೊಸೆ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ, ಜೊತೆಗೆ ಒಂದು ಸಹಾಯವೂ ಬೇಕು.

ನಮ್ಮ ಮಾವ ಕುಂದಾಪುರದ ಕಡೆಯವರು. 1958ರಲ್ಲಿ, ಹದಿಮೂರನೇ ವಯಸ್ಸಿಗೆ, ಊರಿನವರೊಬ್ಬರ ಬೆನ್ನು ಹಿಡಿದು ಬೊಂಬಾಯಿಗೆ ಬಂದವರು. ಅಲ್ಲಿನ ಫೋರ್ಟ್ ಅನ್ನುವ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ. ಮೊದಲು ಗ್ಲಾಸು ತೊಳೆಯುವುದು, ಆಮೇಲೆ ಸಪ್ಲೈಯರ್, ಕೊನೆಗೆ ಗಲ್ಲಾ. ಸಂಜೆ ಧಣಿ ಬಿಟ್ಟರೆ ಕನ್ನಡ ರಾತ್ರಿಶಾಲೆ. ಹಾಗೇ ಓದಿ ಮೆಟ್ರಿಕ್ ಮುಗಿಸಿದರು. ಆಮೇಲೆ ಊರಿಗೆ ಹೋಗಿ ಅಂಗಡಿ ಇಟ್ಟರು. ನಮ್ಮ ಮನೆಗೆ ವರ್ಷಕ್ಕೊಮ್ಮೆ ಬರುತ್ತಾರೆ, ಆದರೆ ಡೊಂಬಿವಲಿ ಬಿಟ್ಟು ಆ ಕಡೆ ಹೋಗುವುದೇ ಇಲ್ಲ. ಕೇಳಿದರೆ "ಎಂತ ನೋಡೂದು ಅಲ್ಲಿ? ಎಲ್ಲ ಹೋಯ್ತಲ್ಲ" ಅಂತಾರೆ. ಈ ಸಲ ಮಾತ್ರ ತಾವಾಗಿಯೇ "ಒಂದು ಸಲ ಫೋರ್ಟಿಗೆ ಹೋಗುವನಾ" ಅಂದಿದ್ದಾರೆ. ಅವರ ಮನಸ್ಸು ಬದಲಾಗುವ ಮುಂಚೆ ಕರ್ಕೊಂಡು ಹೋಗಬೇಕು.

ಅವರು ಕೇಳುವುದು ಇಷ್ಟು. ಟ್ರಾಮ್ ಓಡುತ್ತಿದ್ದ ಗುರುತು ಎಲ್ಲಾದರೂ ಇದೆಯಾ? ಕಾಲಾ ಘೋಡಾದ ನಿಜವಾದ ಕುದುರೆ ಎಲ್ಲಿದೆ? ಶಾನಭಾಗರ ಪುಸ್ತಕದಂಗಡಿ ಇದೆಯಾ? ಕೊನೆಯದು ಚಿನ್ನದ ವಿಷಯ. ಯುದ್ಧದ ಕಾಲದಲ್ಲಿ ಡಾಕಿನಲ್ಲಿ ಹಡಗು ಸಿಡಿದು ಚಿನ್ನದ ಗಟ್ಟಿ ಊರೊಳಗೆ ಬಿದ್ದಿತ್ತು ಅಂತ ಅವರ ಧಣಿ ಹೇಳುತ್ತಿದ್ದರಂತೆ. ಮಾವ ಇದನ್ನು ಮೊಮ್ಮಕ್ಕಳಿಗೆ ಹೇಳಿದಾಗಲೆಲ್ಲ ನನ್ನ ಗಂಡ ನಗುತ್ತಾರೆ. ಮಾವ ಸುಮ್ಮನಾಗಿಬಿಡುತ್ತಾರೆ. ಗೊತ್ತಿದ್ದವರು ಹೇಳಿ, ಇದು ನಿಜವಾ?

ಮಂಡಿ ನೋವಿದೆ, ಜಾಸ್ತಿ ನಡೆಸುವ ಹಾಗಿಲ್ಲ.

ಠಾಣೆ ಸ್ಲೋ ಲೋಕಲ್:

ಕಾಲಾ ಘೋಡಾದಲ್ಲಿ ಕುದುರೆ ಇದೆಯಲ್ಲ ಅಕ್ಕ, ಅಲ್ಲೇ ಫೋಟೋ ತೆಗೆಸಿ. ಪಕ್ಕದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ, ಆಮೇಲೆ ಗೇಟ್‌ವೇ. ಅರ್ಧ ದಿನ ಆರಾಮಾಗಿ ಕಳೆಯುತ್ತೆ. ಚಿನ್ನದ ಮಳೆ ಅಂತೂ ವಾಟ್ಸಾಪ್ ಯೂನಿವರ್ಸಿಟಿ ಸರಕು ಅನ್ಸುತ್ತೆ, ಮಾವನಿಗೆ ಹೇಳಬೇಡಿ 😀

ವಡಾಲದ ರಾಯರು:

ತಮ್ಮಾ ಸ್ಲೋ ಲೋಕಲ್, ಮಾವನವರ ಧಣಿ ಈ ಕಥೆ ಹೇಳುವಾಗ ವಾಟ್ಸಾಪ್ ಮಾಡಿದವರ ಅಪ್ಪನೂ ಹುಟ್ಟಿರಲಿಕ್ಕಿಲ್ಲ.

ಸೊಸೆಯವರೇ, ನಿಜ. ನಾನು ಡಾಕಿನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದವನು. ಸೇರಿದ ಹೊಸದರಲ್ಲಿ ನಮ್ಮ ಸೆಕ್ಷನ್ನಿನಲ್ಲಿ ಒಬ್ಬರು ಹಿರಿಯರಿದ್ದರು. ಎಡಗಿವಿ ಕೇಳುತ್ತಿರಲಿಲ್ಲ. ಫೈಲು ಹಿಡಿದು ಎಡಗಡೆ ಹೋಗಿ ನಿಂತರೆ ಬೈಗುಳವೇ. ಯಾಕೆ ಅಂತ ಕೇಳಿದ್ದಕ್ಕೆ ಒಂದೇ ಮಾತು ಹೇಳಿದರು: "ಫೋರ್ಟ್ ಸ್ಟಿಕಿನ್."

ಅದು ಹಡಗಿನ ಹೆಸರು. ಇಂಗ್ಲೆಂಡಿನಿಂದ ಹೊರಟು ಕರಾಚಿಗೆ ಬಂದು, 1944ರ ಏಪ್ರಿಲ್ 12ಕ್ಕೆ ಬೊಂಬಾಯಿಯ ವಿಕ್ಟೋರಿಯಾ ಡಾಕ್ ಸೇರಿತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು. ಜೊತೆಗೆ 124 ಚಿನ್ನದ ಗಟ್ಟಿಗಳು. ಇದರ ಮೇಲೆ ಕರಾಚಿಯಲ್ಲಿ ಸಾವಿರಗಟ್ಟಲೆ ಹತ್ತಿಯ ಬೇಲು, ಎಣ್ಣೆಯ ಪೀಪಾಯಿ ಎಲ್ಲ ಹೇರಿದರು. ಮದ್ದು, ಹತ್ತಿ, ಎಣ್ಣೆ ಒಂದೇ ಹಡಗಿನಲ್ಲಿ! ಕ್ಯಾಪ್ಟನ್ ಬೇಡ ಅಂದಿದ್ದನಂತೆ, ಆದರೆ ಯುದ್ಧಕಾಲದಲ್ಲಿ ಖಾಲಿ ಜಾಗ ಬಿಟ್ಟುಕೊಂಡು ಹೋಗಲು ಯಾರು ಬಿಡುತ್ತಾರೆ? ಮದ್ದಿನ ಹಡಗು ಡಾಕಿನೊಳಗೆ ಬರುವುದೇ ರೂಢಿಯಲ್ಲಿ ಇರಲಿಲ್ಲ. ಹೊರಗೆ ನಿಲ್ಲಿಸಿ ಬಾರ್ಜಿನಲ್ಲಿ ಇಳಿಸುವುದು ಕ್ರಮ. ಕೆಂಪು ಬಾವುಟ ಹಾರಿಸಬೇಕು. ಯುದ್ಧದ ನೆಪದಲ್ಲಿ ಎರಡೂ ಇಲ್ಲ. ಹಾಗಾಗಿ ಅಕ್ಕಪಕ್ಕದ ಹಡಗಿನವರಿಗೂ ಒಳಗೆ ಏನಿದೆ ಅಂತ ಗೊತ್ತಿಲ್ಲ.

14ನೇ ತಾರೀಕು ಮಧ್ಯಾಹ್ನ ಎರಡರ ಹೊತ್ತಿಗೆ ಎರಡನೇ ಹೋಲ್ಡಿನಿಂದ, ಅಂದರೆ ಸರಕು ತುಂಬುವ ಕೋಣೆಯಿಂದ, ಹೊಗೆ ಬಂತು. ಬಂಬಿನವರು, ಅಂದರೆ ಅಗ್ನಿಶಾಮಕ ದಳದವರು, ಬಂದು ನೀರು ಹೊಡೆದರು. ನೂರಾರು ಟನ್ ನೀರು. ಕೆಳಗೆ ಬೆಂಕಿ ಎಲ್ಲಿದೆ ಅಂತ ಕಾಣಿಸುವುದಿಲ್ಲ, ನೀರು ಹೋಗಿ ಹೋಗಿ ಹಡಗಿನೊಳಗೆ ಕುದಿಯಲು ಶುರು. ಹಡಗನ್ನು ಹೊರಗೆ ಎಳೆದು ಮುಳುಗಿಸುವುದಾ, ಇಲ್ಲೇ ಆರಿಸುವುದಾ ಅಂತ ದೊಡ್ಡವರು ತೀರ್ಮಾನ ಮಾಡುವಷ್ಟರಲ್ಲಿ ಹೊತ್ತು ಮೀರಿತು. ನಾಲ್ಕು ಗಂಟೆ ದಾಟಿ ಆರು ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆಯೊಳಗೆ ಎರಡನೆಯದು, ಅದು ಇನ್ನೂ ದೊಡ್ಡದು. ದೂರದ ಶಿಮ್ಲಾದ ಭೂಕಂಪ ಅಳೆಯುವ ಯಂತ್ರದಲ್ಲೂ ಅದುರು ದಾಖಲಾಯಿತು. ಪಕ್ಕದಲ್ಲಿದ್ದ ಜಲಪದ್ಮ ಅನ್ನುವ ಹಡಗಿನ ಹಿಂಭಾಗ ನೀರಿನಿಂದ ಎದ್ದು ದಡದ ಮೇಲೆ ಬಿತ್ತು.

ಉರಿಯುವ ಹತ್ತಿ ಮಸ್ಜಿದ್ ಬಂದರಿನ ಚಾಳುಗಳ ಮೇಲೆ, ಗೋದಾಮುಗಳ ಮೇಲೆ ಸುರಿಯಿತು. ನೂರಾರು ಜನ ಸತ್ತರು. ಅದರಲ್ಲಿ 66 ಮಂದಿ ಬಂಬಿನವರು. ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ಕ್ಕೆ ಅಗ್ನಿಶಾಮಕ ದಿನ ಅಂತ ಮಾಡುವುದು ಇವರ ನೆನಪಿಗೆ. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನು ಚಿನ್ನ. ಡಾಕಿನಿಂದ ಸಾಕಷ್ಟು ದೂರದಲ್ಲಿ ಒಬ್ಬ ಪಾರ್ಸಿ ಗೃಹಸ್ಥರ ಮನೆಯ ವರಾಂಡಕ್ಕೆ ಒಂದು ಗಟ್ಟಿ ಬಂದು ಬಿತ್ತು. ಅವರು ಅದನ್ನು ಸರ್ಕಾರಕ್ಕೆ ವಾಪಸ್ ಕೊಟ್ಟರು. ಡಾಕಿನ ಕೆಸರಿನಲ್ಲಿ ಹೂತಿದ್ದ ಗಟ್ಟಿಗಳು ಹೂಳು ತೆಗೆಯುವಾಗ ಸಿಗುತ್ತಾ ಹೋದವು, 1970ರ ದಶಕದಲ್ಲೂ ಸಿಕ್ಕಿದ್ದುಂಟು. ನಮ್ಮ ಕಚೇರಿಯಲ್ಲಿ ಯಾವನಾದರೂ ಹೊಸ ಸ್ಕೂಟರ್ ತಂದರೆ "ಏನಪ್ಪಾ, ಕೆಸರಲ್ಲಿ ಕೈ ಹಾಕಿದ್ಯಾ?" ಅಂತ ಕೇಳುವುದು ವಾಡಿಕೆಯಾಗಿತ್ತು. ಮಳೆ ಅನ್ನುವಷ್ಟು ಸುರಿಯಲಿಲ್ಲ ಬಿಡಿ, ಅದು ಧಣಿಗಳ ಒಗ್ಗರಣೆ. ಆದರೆ ಬಿದ್ದದ್ದು ಹೌದು. ನಿಮ್ಮ ಯಜಮಾನರಿಗೆ ಇದನ್ನು ಓದಿಸಿ.

ವಿಕ್ಟೋರಿಯಾ ಡಾಕ್ ನೋಡೋಣ ಅಂತ ಮಾತ್ರ ಹೊರಡಬೇಡಿ. ಅದೂ, ಪಕ್ಕದ ಪ್ರಿನ್ಸಸ್ ಡಾಕೂ ಈಗಿಲ್ಲ. ಕಂಟೇನರ್ ಇಡಲು ಬೇಕು ಅಂತ ಮಣ್ಣು ತುಂಬಿಬಿಟ್ಟರು. ಅಷ್ಟು ಹಡಗು ಬಂದು ಹೋದ ನೀರು, ಈಗ ಬಯಲು. ಹೊರಗಿನವರನ್ನು ಒಳಗೆ ಬಿಡುವುದೂ ಇಲ್ಲ.

ಲಾಲ್‌ಬಾಗ್ ಮಗಳು:

ರಾಯರೇ, ಮೈ ಜುಂ ಅಂತು.

ಅಕ್ಕ, ಮಾವ ಬಟ್ಟೆ ಮಿಲ್ಲಿನ ಭೋಂಗಾ (ಸೈರನ್) ಬಗ್ಗೆ ಏನಾದರೂ ಹೇಳ್ತಾರಾ ಕೇಳಿ. ನಮ್ಮಪ್ಪ ಲೋವರ್ ಪರೇಲಿನ ಒಂದು ಮಿಲ್ಲಿನ ಸಾಚಾ ಖಾತೆಯಲ್ಲಿ, ಅಂದರೆ ಮಗ್ಗದ ವಿಭಾಗದಲ್ಲಿದ್ದರು. ಭೋಂಗಾ ಕೂಗಿದರೆ ಇಡೀ ಚಾಳೇ ಎದ್ದು ಕೂರುತ್ತಿತ್ತು, ಮನೆಯಲ್ಲಿ ಗಡಿಯಾರವೇ ಇರಲಿಲ್ಲ. 1982ರ ಜನವರಿ 18ಕ್ಕೆ ಮಿಲ್ಲುಗಳ ಸಂಪು (ಮುಷ್ಕರ) ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ. ಸಂಪು ಮುಗಿಯಿತು ಅಂತ ಯಾರೂ ಸರಿಯಾಗಿ ಸಾರಲೇ ಇಲ್ಲ, ಹಾಗೇ ಕರಗಿಹೋಯಿತು. ಅಮ್ಮ ಅದಕ್ಕೂ ಮುಂಚೆಯಿಂದ ಖಾನಾವಳಿ ನಡೆಸುತ್ತಿದ್ದರು, ಒಂದು ಖೋಲಿಯಲ್ಲಿ ನಾವೂ ಇದ್ದು ಹೊರಗಿನ ಗಂಡಸರಿಗೂ ಊಟ. ಸಂಪಿನಲ್ಲಿ ಅವರ ಹತ್ತಿರ ದುಡ್ಡಿಲ್ಲ, ಇವರು ಊಟ ನಿಲ್ಲಿಸಲೂ ಇಲ್ಲ. ಆ ಉದ್ರಿ ಪುಸ್ತಕ ಇನ್ನೂ ನಮ್ಮ ಕಪಾಟಿನಲ್ಲಿದೆ.

ಈಗ ಮಿಲ್ಲಿನ ಜಾಗದಲ್ಲಿ ಮಾಲು, ಕಚೇರಿ. ಎಲ್ಲರೂ ಅಪ್ಪ ಅಲ್ಲಿಗೆ ಹೋಗಲು ಬೇಜಾರು ಮಾಡ್ಕೊಳ್ತಾರೆ ಅಂದ್ಕೋತಾರೆ. ಇಲ್ಲಪ್ಪ. ಎಸಿ ಇದೆ, ಕೂರಲು ಬೆಂಚಿದೆ ಅಂತ ಖುಷಿಯಾಗಿ ಬರ್ತಾರೆ. ಬಂದು, "ಹತ್ತಿ ಧೂಳಿಲ್ಲದ ಜಾಗ ಇದು ಅಂದರೆ ನಂಬಿಕೆ ಬರಲ್ಲ" ಅಂತಾರೆ.

ಮಾತುಂಗಾ ಓದುಗ:

ಪುಸ್ತಕದಂಗಡಿ ಅಂದರೆ ಸ್ಟ್ರಾಂಡ್ ಇರಬೇಕು. ಟಿ. ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರಾಂಡ್ ಟಾಕೀಸಿನಲ್ಲಿ ಚಿಕ್ಕದಾಗಿ ಶುರು ಮಾಡಿದ್ದು, ಆಮೇಲೆ ಫೋರ್ಟಿನ ಪಿ. ಎಂ. ರಸ್ತೆಗೆ ಬಂತು. ಪದ್ಮಶ್ರೀ ಸಿಕ್ಕ ಪುಸ್ತಕ ವ್ಯಾಪಾರಿ. 2018ರ ಫೆಬ್ರುವರಿಯಲ್ಲಿ ಅಂಗಡಿ ಮುಚ್ಚಿತು. ಕೊನೆಯ ದಿನಗಳಲ್ಲಿ ನಾನೂ ಹೋಗಿದ್ದೆ. ಹಿಂದೆ ಯಾವತ್ತೂ ಕಾಣದ ಜನ ಸಾಲು ನಿಂತಿದ್ದರು. ಇವರೆಲ್ಲ ಮುಂಚೆ ಬಂದಿದ್ದರೆ ಮುಚ್ಚುತ್ತಿತ್ತಾ ಅಂತ ಅನ್ನಿಸಿ ಸಿಟ್ಟೂ ಬಂತು.

ಡೊಂಬಿವಲಿ ಸೊಸೆ:

ರಾಯರೇ, ಊಟದ ಹೊತ್ತಿಗೆ ಎಲ್ಲರ ಎದುರು ಜೋರಾಗಿ ಓದಿದೆ. ಇವರು ತಲೆ ಬಗ್ಗಿಸಿ ಸಾರಿಗೆ ಅನ್ನ ಕಲಸ್ತಾ ಇದ್ದರು. ಮಾವ ಮಾತ್ರ "ಒಗ್ಗರಣೆ ಅಲ್ಲ, ಧಣಿ ಸುಳ್ಳು ಹೇಳುವವರಲ್ಲ" ಅಂತ ನಿಮ್ಮ ಮೇಲೇ ಸ್ವಲ್ಪ ಗರಂ ಆದರು! ಆ ದಿನ ಹೋಟೆಲಿನ ಬಿಸ್ಕತ್ತಿನ ಭರಣಿಗಳೆಲ್ಲ ಒಡೆದಿದ್ದವಂತೆ. ಒಂದು ಮಾತ್ರ ಬಿರುಕು ಬಿಟ್ಟು ಉಳಿದಿತ್ತು, ಧಣಿ ಅದನ್ನು ಎಸೆಯದೆ ಅದರಲ್ಲೇ ಚಿಲ್ಲರೆ ಹಾಕುತ್ತಿದ್ದರಂತೆ. ಇದನ್ನು ಮಾವ ಈವರೆಗೆ ಹೇಳಿಯೇ ಇರಲಿಲ್ಲ.

ಟ್ರಾಮಿನ ಬಗ್ಗೆ ಹೇಳಿ. ಕೊನೆಯ ಟ್ರಾಮ್ ಹೋದ ರಾತ್ರಿ ಹೋಟೆಲ್ ಬಿಟ್ಟು ಬರಲು ಆಗಲಿಲ್ಲ ಅನ್ನುವುದು ಅವರಿಗೆ ಇವತ್ತಿಗೂ ಬೇಜಾರು.

ವಡಾಲದ ರಾಯರು:

ಮಾವನವರ ಹತ್ತಿರ ನನ್ನ ಕ್ಷಮೆ ಕೇಳಿ. ಧಣಿಗಳ ವಿಷಯದಲ್ಲಿ ಹಗುರವಾಗಿ ಮಾತಾಡಬಾರದಿತ್ತು 🙏

ಕೊನೆಯ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಈಗಿನ ಸಿಎಸ್ಎಂಟಿ ಸ್ಟೇಷನ್ನಿನ ಹತ್ತಿರದ ಬೋರಿ ಬಂದರಿನಿಂದ ದಾದರಿಗೆ ಹೋಯಿತು. 1874ರಲ್ಲಿ ಕುದುರೆ ಎಳೆಯುವ ಟ್ರಾಮ್, 1907ರಿಂದ ಕರೆಂಟಿನದು, 1920ರಿಂದ ಡಬಲ್ ಡೆಕರ್. ಅಷ್ಟು ವರ್ಷದ ನಂಟು, ಅದಕ್ಕೇ ದಾರಿಯುದ್ದಕ್ಕೂ ಜನ ನಿಂತು ಕೈ ಬೀಸಿದರು. ದಾದರ್ ಟಿಟಿ ಅಂತ ಈಗಲೂ ಟ್ಯಾಕ್ಸಿಯವರು ಹೇಳುವುದು ಅಲ್ಲಿದ್ದ ಟ್ರಾಮ್ ಟರ್ಮಿನಸ್ಸಿನಿಂದಲೇ. ಅಲ್ಲಿ ಹೋಗಿ ಪ್ರಯೋಜನವಿಲ್ಲ, ಈಗ ಫ್ಲೈಓವರಿನ ಕಂಬವೇ ಕಾಣುವುದು. ಫ್ಲೋರಾ ಫೌಂಟನ್‌ಗೆ ಹೋಗಿ. ಕೆಲವು ವರ್ಷಗಳ ಹಿಂದೆ ಕಾರಂಜಿ ದುರಸ್ತಿ ಮಾಡುವಾಗ ಡಾಂಬರಿನ ಕೆಳಗೆ ಟ್ರಾಮಿನ ಹಳಿಗಳು ಸಿಕ್ಕಿದ್ದವು.

ಕಾಲಾ ಘೋಡಾದಲ್ಲಿ ಈಗ ನಿಂತಿರುವುದು 2017ರಲ್ಲಿ ಇಟ್ಟ ಹೊಸ ಕುದುರೆ, ಬೆನ್ನ ಮೇಲೆ ಯಾರೂ ಇಲ್ಲ. ಮಾವ ನೋಡಿದ್ದು ಎಡ್ವರ್ಡ್ ದೊರೆ ಕೂತ ಕುದುರೆ. ಅದನ್ನು 1965ರಲ್ಲಿ ಎತ್ತಿ ಭಾಯಖಳಾದ (ಬೈಕುಲ್ಲಾ) ಪ್ರಾಣಿಸಂಗ್ರಹಾಲಯ ರಾಣಿಬಾಗಿಗೆ ಸಾಗಿಸಿದರು, ಈಗಲೂ ಅಲ್ಲೇ ಇದೆ. ಸ್ಲೋ ಲೋಕಲ್ ಹೇಳಿದ ಹಾಗೆ ಹೊಸದರ ಮುಂದೆ ಫೋಟೋ ತೆಗೆಸಿದರೆ ಮಾವ ಇದು ನನ್ನ ಕುದುರೆಯಲ್ಲ ಅಂದುಬಿಡುತ್ತಾರೆ.

ನನ್ನ ಸಲಹೆ ಕೇಳಿದರೆ, ಗೇಟ್‌ವೇ ಬಿಡಿ. ಸಿಎಸ್ಎಂಟಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ಮೊದಲು ಮಾವ ಕೆಲಸ ಮಾಡುತ್ತಿದ್ದ ಗಲ್ಲಿ, ಅಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ನಿಲ್ಲಲಿ. ಹೋಟೆಲ್ ಇಲ್ಲದಿದ್ದರೂ ಪರವಾಗಿಲ್ಲ, ಯಾವ ಬಾಗಿಲು ಎಲ್ಲಿತ್ತು ಅಂತ ಅವರೇ ತೋರಿಸುತ್ತಾರೆ. ನೀವು ಏನನ್ನೂ ವಿವರಿಸಲು ಹೋಗಬೇಡಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ನೆ ಪಕ್ಕದಲ್ಲಿರಿ. ಆ ಭರಣಿಯ ಕಥೆ ಯಾವ ಪುಸ್ತಕದಲ್ಲೂ ಇಲ್ಲ, ನೋಡಿ. ಭಾನುವಾರ ಫೋರ್ಟ್ ಖಾಲಿ ಇರುತ್ತದೆ, ಹಾರ್ನಿನ ಕಾಟವೂ ಇಲ್ಲ. ಆಮೇಲೆ ಫ್ಲೋರಾ ಫೌಂಟನ್, ಅಲ್ಲಿಂದ ಭಾಯಖಳಾ. ಅಗ್ನಿಶಾಮಕ ದಳದ ಮುಖ್ಯ ಕಚೇರಿಯೂ ಅಲ್ಲೇ, ಆ 66 ಮಂದಿಯ ಸ್ಮಾರಕ ಅದರ ಆವರಣದಲ್ಲಿದೆ. ಗೇಟಿನಲ್ಲಿ ವಿನಯದಿಂದ ಕೇಳಿ ನೋಡಿ. ವಾಪಸ್ ಭಾಯಖಳಾದಿಂದಲೇ ಡೊಂಬಿವಲಿ ಗಾಡಿ ಹತ್ತಬಹುದು.

ಠಾಣೆ ಸ್ಲೋ ಲೋಕಲ್:

ರಾಯರೇ, ವಾಟ್ಸಾಪ್ ಮಾತು ವಾಪಸ್ ತಗೊಂಡೆ. ನಾನೂ ಬರಬಹುದಾ? ಮಾವನ ಕುರ್ಚಿ, ನೀರಿನ ಬಾಟ್ಲಿ ಹೊರುವ ಕೆಲಸ ನನ್ನದು.

ಅಕ್ಕ, ಭಾನುವಾರ ಅಂದ್ರೆ ಮೆಗಾ ಬ್ಲಾಕ್ ಇರುತ್ತೆ, ಹಳಿ ದುರಸ್ತಿಗೆ ಅಂತ ಲೋಕಲ್ ಗಾಡಿ ಕಡಿಮೆ ಮಾಡ್ತಾರೆ. ಶನಿವಾರ ರಾತ್ರಿಯೇ ನೋಡ್ಕೊಳ್ಳಿ. ಬೆಳಿಗ್ಗೆ ಹತ್ತರೊಳಗೆ ಸಿಎಸ್ಎಂಟಿ ಸೇರಿದರೆ ತೊಂದರೆಯಿಲ್ಲ.